ಮಸ್ಕತ್ತಿಗೆ ಹೊರಟ ನಾಯಿಯ ಪೆಟ್ಟಿಗೆ

ಗೊತ್ತಿಲ್ಲ ಎಂದು ಹೇಳುವುದು ಎಷ್ಟು ಕಷ್ಟ ಎಂಬುದು ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವನಿಗೆ ಗೊತ್ತು. ಓದಿದವರು ಅದನ್ನು ಸಲೀಸಾಗಿ ಹೇಳಿಬಿಡುತ್ತಾರೆ, ಕೇಳಿದವರು 'ಎಷ್ಟು ವಿನಯ' ಎಂದು ತಲೆದೂಗುತ್ತಾರೆ. ಅದನ್ನೇ ನಾನು ಹೇಳಿದರೆ 'ಪಾಪ, ಶಾಲೆ ಕಲಿತಿಲ್ಲ' ಎನ್ನುತ್ತಾರೆ. ಹೀಗಾಗಿ ಮರಾಠಿ ಸೀಮೆಯ ತಳೇಗಾಂವದ ಕಾರ್ಖಾನೆಗಳ ಯಂತ್ರಗಳಿಗೆ ಕಟ್ಟಿಗೆಯ ಪೆಟ್ಟಿಗೆ ಮಾಡುತ್ತ ಬಂದ ಇಪ್ಪತ್ತು ವರ್ಷಗಳಲ್ಲಿ ನಾನು ಆ ಮಾತನ್ನು ಆಡಿದವನೇ ಅಲ್ಲ. ನನ್ನ ಪೆಟ್ಟಿಗೆಗಳು ಹಡಗು ಹತ್ತಿ ದೇಶ ದೇಶಕ್ಕೆ ಹೋಗಿವೆ, ಸರಿಯಿಲ್ಲ ಎಂದು ಯಾರೂ ಬೆರಳು ತೋರಿಸಿಲ್ಲ.

ನಮ್ಮ ಓಣಿಯ ಸರೋಜಾ ಅಕ್ಕೋರು ಶಾಲೆಯಲ್ಲಿ ಕಲಿಸುತ್ತಿದ್ದರು, ವಿಜಾಪುರದ ಕಡೆಯವರು. ಒಬ್ಬರೇ ಇದ್ದರು. ಒಬ್ಬರೇ ಎಂದರೆ ರಾಜಾ ಎಂಬ ನಾಯಿಯ ಜೊತೆ. ಅವರಿಗೆ ಮಸ್ಕತ್ತಿನ ಶಾಲೆಯೊಂದರಲ್ಲಿ ನೌಕರಿ ಸಿಕ್ಕಿತು. ರಾಜಾನಿಗೆ ಚುಚ್ಚುಮದ್ದು, ಡಾಕ್ಟರರ ಸರ್ಟಿಫಿಕೇಟು, ಅಲ್ಲಿನ ಪರವಾನಗಿ ಎಲ್ಲ ಆಗಿ ಪೆಟ್ಟಿಗೆಯೊಂದು ಉಳಿದಾಗ ನನ್ನ ಹತ್ತಿರ ಬಂದು ಇಂಗ್ಲಿಷಿನ ಒಂದು ಅಚ್ಚಿನ ಹಾಳೆ ಕೊಟ್ಟರು.

"ಪೆಟ್ಟಿಗಿ ಹೆಂಗಿರಬೇಕಂತ ಇದರಾಗ ಬರದಾರ, ಬಸಣ್ಣ. ನಾ ಬಿಡಿಸಿ ಹೇಳ್ಲೇನು?"

"ಬ್ಯಾಡ್ರಿ ಅಕ್ಕೋರ, ದಿನಾ ಇದೇ ಕೆಲಸ ನಂದು," ಎಂದು ಹಾಳೆಯನ್ನು ಕಿಸೆಗೆ ಸೇರಿಸಿದೆ.

ರಾಜಾ ಟೇಪು ಕಂಡರೆ ಆಟದ ಸಾಮಾನೆಂದು ಕಚ್ಚುತ್ತಿದ್ದ. ಮಧ್ಯಾಹ್ನ ಉಂಡು ಮುದುಡಿಕೊಂಡು ಮಲಗಿದಾಗ ಅಳತೆ ತೆಗೆದೆ. ಯಂತ್ರಕ್ಕೆ ಬಿಡುವಂತೆಯೇ ಸುತ್ತಲೂ ಎರಡಿಂಚು ಬಿಟ್ಟು, ಆ ಸಂದಿಗೆ ಮೆತ್ತನೆಯ ಗಾದಿ ಹೊಲಿಸಿ ತುರುಕಿದೆ. ಉಸಿರಾಟಕ್ಕೆ ತೂತು ಕೊರೆದೆ. ಒಳಗಿನ ಮಾಲು ಅಲ್ಲಾಡಬಾರದು ಎಂಬುದು ನನ್ನ ಧಂದೆಯ ಮೊದಲ ಪಾಠ. ಅಲ್ಲಾಡಲು ಎಳ್ಳಷ್ಟೂ ಜಾಗ ಇಡಲಿಲ್ಲ.

ವಿಮಾನಕ್ಕೆ ಎರಡು ದಿನ ಇರುವಾಗ ಪೆಟ್ಟಿಗೆ, ನಾಯಿ, ಅಕ್ಕೋರು ಎಲ್ಲರೂ ಟೆಂಪೋದಲ್ಲಿ ಶಹರದ ಕ್ಯಾಂಪ್ ಭಾಗಕ್ಕೆ, ಪ್ರಾಣಿಗಳನ್ನು ವಿಮಾನ ಹತ್ತಿಸುವ ಏಜೆಂಟನ ಕಚೇರಿಗೆ ಹೋದೆವು. ಆತ ಒಳಗೆ ಬಗ್ಗಿ ನೋಡಿ, "ಮಿಸ್ತ್ರಿ, ಹೆ ಕುತ್ರಂ ಆಹೆ, ಮೋಟರ್ ನಾಹಿ," ಎಂದ. ಇದು ನಾಯಿ, ಮೋಟರಲ್ಲ ಎಂದು ನನಗೆ ಇನ್ನೊಬ್ಬರು ಹೇಳಬೇಕಾಯಿತು. ನಾಯಿ ಒಳಗೆ ಎದ್ದು ನಿಲ್ಲಬೇಕು, ಪೂರಾ ಒಂದು ಸುತ್ತು ತಿರುಗಬೇಕು, ಇಲ್ಲದಿದ್ದರೆ ವಿಮಾನ ಹತ್ತಿಸುವುದಿಲ್ಲವಂತೆ. ಹಾಳೆಯ ಮೊದಲ ಸಾಲೇ ಅದಂತೆ.

ಅಕ್ಕೋರು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ರಾಜಾನ ಕೊರಳಪಟ್ಟಿ ಹಿಡಿದುಕೊಂಡು, "ಇವ ಬರಲಿಲ್ಲಂದ್ರ ನಾನೂ ಹೋಗೂದಿಲ್ಲ," ಎಂದರು, ಅಷ್ಟೆ.

ತಿರುಗಿ ಬರುವಾಗ ಟೆಂಪೋದಲ್ಲಿ ಹಾಳೆ ತೆಗೆದು ಅವರ ಕೈಗಿಟ್ಟೆ. "ನನಗ ಇಂಗ್ಲಿಷ್ ಓದಾಕ ಬರೂದಿಲ್ರಿ ಅಕ್ಕೋರ."

"ಗೊತ್ತಿತ್ತು. ಅದಕ್ಕ ಕೇಳಿದ್ದೆ," ಎಂದು ಮೊದಲ ಸಾಲಿನಿಂದ ಓದಿ ಹೇಳತೊಡಗಿದರು.

ಮರುದಿನ ಬೆಳಗಾಗುತ್ತಲೇ ನನ್ನ ಹೆಂಡತಿ ಶಾಂತಾ ರೊಟ್ಟಿಯ ಚೂರು ಎತ್ತಿ ಹಿಡಿದು ರಾಜಾನನ್ನು ನಿಲ್ಲಿಸಿದಳು. ಈ ಸಲ ಕಿವಿಯ ತುದಿಯವರೆಗೆ ಅಳೆದೆ. ಸಂಜೆಗೆ ಪೆಟ್ಟಿಗೆ ಮುಗಿದರೂ ಧೈರ್ಯ ಸಾಲದೆ, ನಾನೇ ಒಳಗೆ ಹೊಕ್ಕು ತಿರುಗಿ ನೋಡುತ್ತಿದ್ದೆ. "ಹಂಗ ಬಾಗ್ಲಾ ಹಾಕಿ ಕಳಿಸಿಬಿಡ್ಲೇನು? ಒಂದು ತಿಂಗಳು ಆರಾಮ ಇರ್ತೀನಿ," ಎಂದಳು ಶಾಂತಾ. ರಾತ್ರಿಯೇ ಒಯ್ದು ತೋರಿಸಿದಾಗ ಏಜೆಂಟ್ ಪೆಟ್ಟಿಗೆಯನ್ನು ಪಾಸು ಮಾಡಿದ.

ಮುಂಬೈಯಿಂದ ವಿಮಾನ ಹಾರಿದ ದಿನ ನನಗೆ ಊಟ ಸೇರಲಿಲ್ಲ. ಚಿಲಕ ಸಡಿಲವಿತ್ತೇ? ತಳದ ಸ್ಕ್ರೂ ಬಿಗಿದಿದ್ದೆನೇ? ಇಪ್ಪತ್ತು ವರ್ಷಗಳಲ್ಲಿ ನಾನು ಕಳಿಸಿದ ಯಾವ ಮಾಲಿಗೂ ಕಣ್ಣಿರಲಿಲ್ಲ. ಇದು ಜಾಳಿಗೆಯ ಬಾಗಿಲಿನಿಂದ ನನ್ನನ್ನು ನೋಡುತ್ತ ಹೋಗಿತ್ತು.

ಮರುದಿನ ಮಧ್ಯಾಹ್ನ ಮಸ್ಕತ್ತಿನಿಂದ ಫೋನು ಬಂತು. "ಅಕ್ಕೋರ, ಪೆಟ್ಟಿಗಿ ಹೆಂಗ ಅದರಿ? ಎಲ್ಲೂ ಸೀಳಿಲ್ಲಲ್ರಿ?" ಎಂದೆ.

"ರಾಜಾ ಆರಾಮ ಅದಾನ, ಬಸಣ್ಣ," ಎಂದರು.

ಫೋನು ಇಟ್ಟ ಮೇಲೆ ಶಾಂತಾ ಬಿಡಲಿಲ್ಲ. "ನಾಯಿ ಜೀವಂತ ಅದನೋ ಇಲ್ಲೋ ಕೇಳೂದು ಬಿಟ್ಟು ಪೆಟ್ಟಿಗಿ ಕೇಳ್ತೀರಲ್ಲ, ಎಂಥಾ ಮನಷ್ಯಾರೀ ನೀವು?"

ನಾಯಿಯ ವಿಷಯ ಕೇಳುವ ಧೈರ್ಯ ಇರಲಿಲ್ಲ ಎಂದು ಹೆಂಡತಿಯ ಎದುರು ಹೇಗೆ ಹೇಳುವುದು? ಪೆಟ್ಟಿಗೆ ಭಾಳ ಗಟ್ಟಿಯಾಗಿದೆಯಂತೆ ಎಂದು ಸುಳ್ಳು ಹೇಳಿ, ಎರಡು ದಿನದ ಊಟವನ್ನು ಒಮ್ಮೆಗೇ ಉಂಡೆ.