ಒಂಬತ್ತನೇ ನಂಬರಿನ ಅಂಗಿಗೆ ತಾವು ವಿಧಿಸಿದ ಶಿಕ್ಷೆಯ ಕುರಿತು

ಮಹಾವಿದ್ಯಾಲಯದ ಕ್ರೀಡಾ ವಿಭಾಗದ ನಿರ್ದೇಶಕರ ಸನ್ನಿಧಾನಕ್ಕೆ, ಮೈದಾನದ ಪೂರ್ವದ ಗೋಡೆಗೆ ಎದುರಾಗಿ ನಿಂತಿರುವ ಕಟ್ಟಡದ ಎರಡನೇ ಮಹಡಿಯಿಂದ, ಹೆಗಲ ಮೇಲೆ ಏಳು ತಿಂಗಳ ಮಗಳನ್ನೂ ಕಣ್ಣಿನ ಕೆಳಗೆ ಅಷ್ಟೇ ತಿಂಗಳ ಕಪ್ಪನ್ನೂ ಹೊತ್ತಿರುವ ಗೃಹಿಣಿಯೊಬ್ಬಳು ಮಾಡುವ ಅನಂತ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವಾಗಿರುವುದೂ, ತಂಡ ಕ್ಷೇಮವಾಗಿರುವುದೂ, ಶುಕ್ರವಾರದ ಫೈನಲ್ ಪಂದ್ಯಕ್ಕೆ ಸಿದ್ಧತೆ ಭರದಿಂದ ಸಾಗಿರುವುದೂ ನಮ್ಮ ಬಾಲ್ಕನಿಯಿಂದಲೇ ಚೆನ್ನಾಗಿ ಕಾಣುತ್ತಿರುವುದರಿಂದ, ಆ ಬಗ್ಗೆ ವಿಚಾರಿಸಿ ತಮ್ಮ ಅಮೂಲ್ಯ ಸಮಯವನ್ನು ಹಾಳು ಮಾಡುವುದಿಲ್ಲ. ಇಲ್ಲಿ ನಾವೂ ಕ್ಷೇಮ. ಕೆಳಗಿನ ಸೈಕಲ್ ರಿಪೇರಿ ಅಂಗಡಿಯವರ ಬಲಗೈಯೊಂದನ್ನು ಬಿಟ್ಟರೆ ಇಡೀ ಬೀದಿಯೇ ಕ್ಷೇಮ. ಆ ಕೈ ಎರಡು ಕಡೆ ಮುರಿದಿದೆ. ಅಷ್ಟು ಸಣ್ಣ ವಿಷಯಕ್ಕೆ ತಮ್ಮಂಥ ದೊಡ್ಡವರು ಎಷ್ಟೆಲ್ಲ ಶ್ರಮಪಟ್ಟಿರಿ ಎಂಬುದನ್ನು ಹತ್ತು ಜನರ ಮುಂದೆ ಹೇಳದಿದ್ದರೆ ಕೃತಘ್ನತೆಯಾದೀತೆಂದು ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮೊದಲು ನನ್ನ ಹಳೆಯ ಋಣ. ತಮ್ಮ ತಂಡದ ಮುಂಚೂಣಿಯ ಫುಟ್‌ಬಾಲ್ ಆಟಗಾರನನ್ನು ಊರೆಲ್ಲ ‘ಬಿರುಗಾಳಿ’ ಎಂದು ಕರೆಯುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಅವನಿಗೆ ‘ಜೋಗುಳ’ ಎಂದು ಹೆಸರು. ದಿನಾ ಬೆಳಗ್ಗೆ ಐದೂಕಾಲಿಗೆ, ಉಳಿದ ಆಟಗಾರರು ಇನ್ನೂ ಹೊದಿಕೆಯೊಳಗಿರುವಾಗ, ಅವನೊಬ್ಬನೇ ಬಂದು, ಎಡಗಾಲಿನ ಕಾಲುಚೀಲವನ್ನು ಮೊಣಕಾಲಿನವರೆಗೂ ಎಳೆದುಕೊಂಡು, ಪೂರ್ವದ ಗೋಡೆಗೆ ಚೆಂಡು ಒದೆಯುತ್ತಿದ್ದ. ಟಪ್, ಟಪ್, ಢಮ್. ನಾನು, ನನ್ನ ಗಂಡ, ಗಿಲಕಿ, ಮೊಬೈಲಿನಲ್ಲಿ ಹಾಕಿಟ್ಟ ಮಳೆಯ ಸದ್ದು, ಎಲ್ಲರೂ ಸೋತು ಸುಣ್ಣವಾದ ಮೇಲೆ, ಆ ಢಮ್ ಸದ್ದಿಗೆ ಮಾತ್ರ ನಮ್ಮ ಮಗಳು ಕಣ್ಣು ಮುಚ್ಚುತ್ತಿದ್ದಳು. ತಮ್ಮ ಕಾಲೇಜಿನಲ್ಲೇ ಓದಿದ ನನ್ನ ಗಂಡ, ಮಗು ಹುಟ್ಟುವ ಮೊದಲೇ ಅವನದೇ ಒಂಬತ್ತನೇ ನಂಬರಿನ ಅಂಗೈಯಗಲದ ಅಂಗಿ ತಂದಿಟ್ಟವರು. ಹೀಗಾಗಿ ಆ ಆಟಗಾರನ ಮೇಲೆ ನನಗೆ ದ್ವೇಷವಿದೆಯೆಂದು ತಮ್ಮ ವಕೀಲರು ಹೇಳುವುದಾದರೆ, ನನ್ನ ತುಟಿ ಮೀರಿ ನಗು ಬಂದರೆ ಕ್ಷಮಿಸಬೇಕು. ಮೂರು ತಿಂಗಳು ನಾನು ಅವನಿಗಾಗಿ ಕಾದಷ್ಟು ಮದುವೆಗೆ ಮುಂಚೆ ನನ್ನ ಗಂಡನಿಗಾಗಿಯೂ ಕಾದಿರಲಿಲ್ಲ.

ಮೂರು ವಾರಗಳ ಹಿಂದಿನ ಮಂಗಳವಾರವೂ ಹಾಗೆಯೇ ಕಾಯುತ್ತಿದ್ದೆ. ನಾವೆಲ್ಲ ಪಂಚರ್ ಮಾಮ ಎಂದು ಕರೆಯುವ ಸೈಕಲ್ ರಿಪೇರಿಯವರು, ಹಾಲು ಪೇಪರು ಹಾಕುವವರಿಗೆ ಅನುಕೂಲವಾಗಲೆಂದು ಐದಕ್ಕೇ ಅಂಗಡಿ ತೆರೆಯುತ್ತಾರೆ. ಅದರ ಹಿಂದಿನ ವಾರ ಯಾರೋ ಇಬ್ಬರು ಕಾಗದಪತ್ರವಿಲ್ಲದ ಬೈಕೊಂದನ್ನು ತಂದು ಬಿಡಿಬಿಡಿಯಾಗಿ ಬಿಚ್ಚಿಕೊಡಲು ಕೇಳಿದ್ದರಂತೆ. ಮಾಮ ಒಪ್ಪಲಿಲ್ಲ, ಸಾಲದ್ದಕ್ಕೆ ಪೊಲೀಸ್ ಠಾಣೆಗೂ ಹೋಗಿ ಹೇಳಿದರು. ಆ ಮಂಗಳವಾರ ಅದೇ ಇಬ್ಬರು ಕಬ್ಬಿಣದ ಸಲಾಕೆಯೊಂದನ್ನು ಹಿಡಿದು ಅವರಿಗೆ ಬುದ್ಧಿ ಕಲಿಸಲು ಬಂದರು. ಇಂಜಿನ್ ಆರದಂತೆ ಬೈಕಿನ ಮೇಲೆ ಕೂತಿದ್ದವನು ನಮ್ಮ ಜೋಗುಳ. ಚಕ್ರ ಕಿರ್‌ಗುಟ್ಟುತ್ತದೆಂದು ನಾನು ರಿಪೇರಿಗೆ ಬಿಟ್ಟಿದ್ದ ಮಗುವಿನ ತಳ್ಳುಗಾಡಿಗೂ ಒಂದು ಪೆಟ್ಟು ಬಿತ್ತು. ನಾನು ಕಿರುಚಿದೆ, ಮಗಳು ನನಗಿಂತ ಜೋರಾಗಿ ಕಿರುಚಿದಳು. ಹೊಡೆದವರಿಬ್ಬರೂ ಸಲಾಕೆ ಬಿಸಾಡಿ, ಜೋಗುಳನನ್ನು ಕೆಳಗೆ ತಳ್ಳಿ, ಬೈಕು ಹತ್ತಿ ಪರಾರಿಯಾದರು. ಕೆಳಗುಳಿದವನು ಸಲಾಕೆಯನ್ನೆತ್ತಿ ಮೈದಾನದ ಗೋಡೆಯಾಚೆ ಎಸೆದು, ಎಡಗಾಲಿನ ಕಾಲುಚೀಲವನ್ನು ಮೊಣಕಾಲಿನವರೆಗೂ ಎಳೆದುಕೊಂಡು, ಗೋಡೆ ಹಾರಿ ತಮ್ಮ ಆಶ್ರಯಕ್ಕೆ ಬಂದ.

ಇನ್ನು ತಮ್ಮ ವಿಭಾಗದ ಕಾರ್ಯದಕ್ಷತೆಯ ವಿಷಯ. ನಾನು ಕಂಡದ್ದನ್ನು ಹೇಳಿದ ಮೇಲೆ ಪೊಲೀಸರು ಅವನನ್ನು ಕರೆದೊಯ್ದ ದಿನವೇ, ಸಂಜೆಯ ಅಭ್ಯಾಸ ತಪ್ಪದಂತೆ ಜಾಮೀನಿನ ಮೇಲೆ ಬಿಡಿಸಿ ತಂದಿರಿ. ಮರುದಿನ ಕಾಂಪೌಂಡಿನ ಉದ್ದಕ್ಕೂ ತಮ್ಮ ಹೇಳಿಕೆ ಅಂಟಿತು: “ನಾವೆಲ್ಲರೂ ಒಂದು ಕುಟುಂಬ. ಈ ಕಷ್ಟದ ಗಳಿಗೆಯಲ್ಲಿ ಕುಟುಂಬದ ಜೊತೆ ನಿಲ್ಲೋಣ.” ಕಷ್ಟ ಯಾರದೆಂದು ತಿಳಿಯಲು ನಾನು ಅದನ್ನು ಮೂರು ಸಲ ಓದಿದೆ. ಅದರಲ್ಲಿ ತರಬೇತುದಾರರಿದ್ದರು, ಹಳೆಯ ವಿದ್ಯಾರ್ಥಿಗಳಿದ್ದರು, ಹುಲ್ಲು ಕತ್ತರಿಸುವವರೂ ಇದ್ದರು. ಒಂದು ಕೈ ಮಾತ್ರ ಎಲ್ಲೂ ಕಾಣಲಿಲ್ಲ.

ಆದರೂ ತಾವು ಕಠಿಣ ಕ್ರಮ ಕೈಗೊಳ್ಳಲಿಲ್ಲವೆಂದು ಯಾರಾದರೂ ಹೇಳಿದರೆ ಅವರ ನಾಲಿಗೆ ಬಿದ್ದುಹೋಗಲಿ. ಒಂಬತ್ತನೇ ನಂಬರಿನ ಆಟಗಾರನನ್ನು ಮೂರು ಪಂದ್ಯಗಳಿಗೆ ಅಮಾನತಿನಲ್ಲಿಡಲಾಗಿದೆಯೆಂಬ ಆದೇಶ ಓದಿ ನಾನು ನ್ಯಾಯದೇವತೆಗೆ ಮನಸ್ಸಿನಲ್ಲೇ ಕೈ ಮುಗಿದೆ. ಆ ಶನಿವಾರ ಮೈದಾನ ನೋಡಿದರೆ, ಬಿರುಗಾಳಿ ಇಪ್ಪತ್ತೊಂಬತ್ತನೇ ನಂಬರಿನ ಹೊಸ ಅಂಗಿಯಲ್ಲಿ ಬೀಸುತ್ತಿದ್ದ! ಒಂಬತ್ತನೇ ನಂಬರಿನ ಅಂಗಿಯನ್ನು, ನೀರಿನ ಬಾಟಲಿ ಹಂಚುತ್ತಲೇ ಡಿಗ್ರಿಯ ಏಳನೇ ವರ್ಷಕ್ಕೆ ಕಾಲಿಟ್ಟಿರುವ ಬದಲಿ ಆಟಗಾರನಿಗೆ ತೊಡಿಸಿ, ಬೇಲಿಯ ಹೊರಗೆ ಮಡಚುವ ಕುರ್ಚಿ ಹಾಕಿ ಕೂರಿಸಿದ್ದಿರಿ. ಆ ಪುಣ್ಯಾತ್ಮ ಯಾರೋ ಮಾಡಿದ ತಪ್ಪಿಗೆ ತಲೆ ತಗ್ಗಿಸಿ ಎಷ್ಟು ನಿಷ್ಠೆಯಿಂದ ಶಿಕ್ಷೆ ಅನುಭವಿಸುತ್ತಿದ್ದನೆಂದರೆ, ಬಿರುಗಾಳಿ ಗೋಲು ಹೊಡೆದಾಗ ಮೈಮರೆತು ಎರಡು ಚಪ್ಪಾಳೆ ತಟ್ಟಿದ್ದಕ್ಕೆ ತಮ್ಮ ಸಹಾಯಕ ತರಬೇತುದಾರರು “ಏಯ್, ಚಪ್ಪಾಳೆ ನಿಲ್ಸೋ! ನೀನು ಸಸ್ಪೆಂಡ್ ಆಗಿದ್ದೀಯ, ಜ್ಞಾಪಕ ಇದೆಯಾ?” ಎಂದು ಗದರಿದ್ದು ನಮ್ಮ ಅಡುಗೆಮನೆಗೂ ಕೇಳಿಸಿತು.

ಪಂದ್ಯಕ್ಕೆ ಮುಂಚೆ, ತಂಡ ಅನುಭವಿಸಿದ ಮಾನಸಿಕ ನೋವಿಗಾಗಿ ಒಂದು ನಿಮಿಷದ ಮೌನವನ್ನೂ ಆಚರಿಸಿದಿರಿ. ಆ ನಿಮಿಷದ ನಲವತ್ತು ಸೆಕೆಂಡುಗಳನ್ನು ನಮ್ಮ ಬಾಲ್ಕನಿಯಿಂದ ಅತ್ತು ಹಾಳು ಮಾಡಿದ ಏಳು ತಿಂಗಳ ವ್ಯಕ್ತಿಯ ಪರವಾಗಿ ಕ್ಷಮೆ ಯಾಚಿಸುತ್ತೇನೆ. ಅವಳಿಗೆ ಕುಟುಂಬದ ಶಿಸ್ತು ಇನ್ನೂ ಗೊತ್ತಿಲ್ಲ.

ಮಾಮನನ್ನೂ ತಾವು ಮರೆಯಲಿಲ್ಲ. ಇಡೀ ತಂಡ ಸಹಿ ಮಾಡಿದ ಚೆಂಡೊಂದನ್ನು ಫೋಟೋ ತೆಗೆಯುವವರ ಸಮೇತ ಕಳಿಸಿದಿರಿ. ಅದರಲ್ಲಿ ಇಪ್ಪತ್ತೊಂಬತ್ತನೇ ನಂಬರಿನವನ ಸಹಿಯೇ ಎಲ್ಲಕ್ಕಿಂತ ದೊಡ್ಡದು. ಮಾಮ ಅದನ್ನು ಎಡಗೈಯಲ್ಲಿ ಒತ್ತಿ ನೋಡಿ, “ಒಳ್ಳೇ ಚೆಂಡು ಕಣಮ್ಮಾ, ಗಾಳಿ ಸ್ವಲ್ಪ ಕಮ್ಮಿ ಇದೆ. ತುಂಬಿಸೋಣ ಅಂದ್ರೆ ಪಂಪು ಒತ್ತೋಕೆ ಇನ್ನೊಂದು ಕೈ ಬೇಕಲ್ಲ” ಎಂದರು. ನಲವತ್ತು ವರ್ಷದಿಂದ ಊರಿನ ಚಕ್ರಗಳಿಗೆಲ್ಲ ಗಾಳಿ ತುಂಬಿದವರು. ಈಗ ಅವರ ಅಂಗಡಿಯ ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ. ಇನ್ನರ್ಧ ಎತ್ತಲೂ ಬಲಗೈ ಬೇಕು.

ನನ್ನ ಮೇಲೂ ತಮ್ಮ ಕೃಪೆ ಹರಿಯಿತು. ತಾವು ನನಗೆ ಬರೆದ ಪತ್ರದಲ್ಲಿ ಎಷ್ಟು ಕಳಕಳಿ! ತಿಂಗಳುಗಟ್ಟಲೆ ನಿದ್ದೆಯಿಲ್ಲದ ತಾಯಂದಿರಿಗೆ ಕಂಡದ್ದೂ ಕಾಣದ್ದೂ ಒಂದೇ ಆಗಬಹುದೆಂದೂ, ಅಂಗಿ ನೋಡಿ ಆಟಗಾರನನ್ನು ಗುರುತಿಸಲಾಗದೆಂದೂ, ಒಂಬತ್ತನೇ ನಂಬರಿನ ಅಂಗಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆಂದೂ, ಗೇಟಿನ ಕಾವಲುಗಾರ ತಾನೇನೂ ನೋಡಿಲ್ಲವೆಂದು ಸ್ಪಷ್ಟವಾಗಿ ಬರೆದುಕೊಟ್ಟಿರುವನೆಂದೂ ತಿಳಿಸಿದ್ದೀರಿ. ನಾನು ಓದಿದ್ದು ಬರೀ ಬಿ.ಎಸ್ಸಿ.; ಆದ್ದರಿಂದ ಎರಡು ಅನುಮಾನ. ಅಂಗಿಯಿಂದ ಏನೂ ಸಾಬೀತಾಗದಿದ್ದರೆ, ಪಾಪ, ಆ ಅಂಗಿಯನ್ನೇ ಏಕೆ ಅಮಾನತು ಮಾಡಿದಿರಿ? ಮತ್ತು ಆ ಹೊತ್ತಿನಲ್ಲಿ ಗೊರಕೆ ಹೊಡೆಯುತ್ತಿದ್ದ ಕಾವಲುಗಾರ ನಂಬಲರ್ಹ ಸಾಕ್ಷಿ, ಎದ್ದು ನಿಂತು ನೋಡುತ್ತಿದ್ದ ನಾನು ಅಲ್ಲ ಎಂದಮೇಲೆ, ನ್ಯಾಯಾಲಯಕ್ಕೆ ಇನ್ನು ಮುಂದೆ ಮಲಗಿದ್ದವರನ್ನೇ ಹುಡುಕಿ ಕರೆಸುವುದು ಒಳ್ಳೆಯದಲ್ಲವೇ? ನಾನು ಅಂಗಿ ನೋಡಲಿಲ್ಲ, ಮಾನ್ಯರೇ. ಕಾಲುಚೀಲ ನೋಡಿದೆ. ಆ ಎಳೆದುಕೊಳ್ಳುವ ರೀತಿಯನ್ನು ತೊಂಬತ್ತು ಬೆಳಗು ನೋಡಿದ ಕಣ್ಣಿದು.

ಅದೇ ಪತ್ರದ ಕೊನೆಯಲ್ಲಿ, ಫೈನಲ್ ಪಂದ್ಯಕ್ಕೆ ನನ್ನನ್ನು ‘ಗೌರವಾನ್ವಿತ ಮಾತೆ’ಯಾಗಿ ವೇದಿಕೆಗೆ ಆಹ್ವಾನಿಸಿದ್ದೀರಿ. ಶುಕ್ರವಾರ ಬೆಳಗ್ಗೆ ಹತ್ತಕ್ಕೆ. ನಾನು ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡಬೇಕಿರುವುದೂ ಶುಕ್ರವಾರ ಬೆಳಗ್ಗೆ ಹತ್ತಕ್ಕೆ. ಇಂಥ ಕಾಕತಾಳೀಯ ಆಗಬೇಕಾದರೆ ಎರಡೂ ಕಡೆಯ ಪಂಚಾಂಗ ನೋಡುವ ತಾಳ್ಮೆ ಬೇಕು. ಅದಕ್ಕೊಂದು ನಮಸ್ಕಾರ.

ನಿಜ ಹೇಳಬೇಕೆಂದರೆ ತಮ್ಮ ಆಹ್ವಾನಕ್ಕೆ ನಮ್ಮ ಮನೆಯಲ್ಲೂ ಬೆಂಬಲವಿತ್ತು. ನನ್ನ ಗಂಡ ಮೊದಲ ದಿನ, “ಫೈನಲ್ ಒಂದು ಮುಗಿದುಬಿಡ್ಲಿ ಕಣೇ, ಆಮೇಲೆ ಹೇಳಿದ್ರೆ ಆಗಲ್ವಾ? ಕೈಯಂತೂ ಮುರಿದುಹೋಗಿದೆ. ಫೈನಲ್ ಕಪ್ಪು ಹಂಗಲ್ಲ, ಇನ್ನೂ ಕೈಗೆ ಬಂದಿಲ್ಲ” ಎಂದಿದ್ದರು. ಮಾಮ ಒಂಟಿ ಜೀವ, ಎಡಗೈಯೊಂದರಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆಂದು, ಆಫೀಸಿಗೆ ಹೋಗುವ ಮುನ್ನ ಗುಂಡಿ ಹಾಕಿ ಬನ್ನಿ ಎಂದು ಇವರನ್ನು ಕೆಳಗೆ ಕಳಿಸಿದೆ, ಅಷ್ಟೆ. ಒಂದು ಅಂಗಿಗೆ ಏಳು ಗುಂಡಿ. ನಾಲ್ಕನೇ ದಿನ ಬೆಳಗ್ಗೆ ಮೇಲೆ ಬಂದವರು ಕಪ್ಪಿನ ವಿಷಯ ಎತ್ತಲಿಲ್ಲ. “ಶುಕ್ರವಾರ ರಜೆ ಹಾಕಿದ್ದೀನಿ, ಕೋರ್ಟಿನ ಹೊರಗೆ ಪಾಪುನ ನಾನು ಹಿಡ್ಕೊಂಡಿರ್ತೀನಿ” ಎಂದಷ್ಟೇ ಹೇಳಿದರು.

ನನಗೆ ಹೆದರಿಕೆಯಿಲ್ಲವೆಂದು ತಾವು ತಿಳಿಯಬಾರದು. ಆ ಇಬ್ಬರಲ್ಲಿ ಒಬ್ಬ ಇನ್ನೂ ಸಿಕ್ಕಿಲ್ಲ. ಬೀದಿಯಲ್ಲಿ ಯಾವ ಬೈಕು ನಿಧಾನಿಸಿದರೂ ನಾನು ಮಗಳನ್ನು ಕಿಟಕಿಯಿಂದ ದೂರ ಒಯ್ಯುತ್ತೇನೆ. ಸಲಾಕೆ ಸಿಗದಿದ್ದರೆ ಕೇಸು ನನ್ನೊಬ್ಬಳ ಕಣ್ಣಿನ ಮೇಲೆ ನಿಲ್ಲುತ್ತದೆಂದು ಪೊಲೀಸರು ಹೇಳುತ್ತಾರೆ. ತಮ್ಮ ಸಾಮಾನು ಕೋಣೆಯನ್ನು ತಾವೇ ಶೋಧಿಸಿ, ಅಲ್ಲಿ ಕ್ರೀಡಾ ಸಾಮಗ್ರಿಯ ಹೊರತು ಬೇರೇನೂ ಇಲ್ಲವೆಂದು ಬರೆದುಕೊಟ್ಟಿದ್ದೀರಿ. ಏಳು ತಿಂಗಳಲ್ಲಿ ಒಟ್ಟು ಎಷ್ಟು ಗಂಟೆ ಮಲಗಿದೆನೋ ತಿಳಿಯದ ಈ ಎರಡು ಕಣ್ಣಿನ ಮೇಲೆ ಒಬ್ಬರ ಬದುಕು ನಿಂತಿದೆ ಎಂದರೆ ಯಾರಿಗೆ ತಾನೇ ನಿದ್ದೆ ಬಂದೀತು?

ಆದ್ದರಿಂದ ತಮ್ಮ ವಿಭಾಗದ ಅಸಾಧಾರಣ ಸಾಮರ್ಥ್ಯದ ಮೇಲೆ ಭರವಸೆಯಿಟ್ಟು ಕೆಲವು ಸಣ್ಣ ಬಿನ್ನಹ. ಹೊಸ ನಂಬರು ಕೊಟ್ಟರೆ ಹಳೆಯದೆಲ್ಲ ಅಳಿಸಿಹೋಗುವ ತಮ್ಮ ವಿಧಾನವನ್ನು ಮಾಮನ ಬಲಗೈಗೂ ಅನ್ವಯಿಸಿ, ಅದಕ್ಕೆ ‘ಎಡಗೈ-೨’ ಎಂದು ಹೆಸರಿಟ್ಟು ಬರುವ ಸೋಮವಾರದಿಂದ ಕಣಕ್ಕಿಳಿಸಬೇಕು. ಕೇಸಿನ ಸಾಕ್ಷ್ಯವಸ್ತುವಾಗಿ, ಮುದ್ದೆಮಾಲು ಎಂದು ಚೀಟಿ ಕಟ್ಟಿಸಿಕೊಂಡು ಠಾಣೆಯಲ್ಲಿ ನಿಂತಿರುವ ನಮ್ಮ ತಳ್ಳುಗಾಡಿಯನ್ನೂ, ತಮ್ಮ ಆಟಗಾರನನ್ನು ಬಿಡಿಸಿದಷ್ಟೇ ಚುರುಕಾಗಿ, ಸಂಜೆಯ ವಾಯುಸೇವನೆ ತಪ್ಪದಂತೆ ಜಾಮೀನಿನ ಮೇಲೆ ಬಿಡಿಸಿಕೊಡಬೇಕು. ಅಂಗೈಯಗಲದ ಒಂಬತ್ತನೇ ನಂಬರಿನ ಅಂಗಿಯ ಒಡತಿಯಾದ ನನ್ನ ಮಗಳೂ ತಮ್ಮ ಆದೇಶದ ಪ್ರಕಾರ ಅಮಾನತಿನಲ್ಲಿದ್ದಾಳೆಯೇ ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಹೌದಾದರೆ ರಾತ್ರಿ ಎರಡರಿಂದ ಐದರವರೆಗಿನ ಅವಳ ಆಟವನ್ನೂ ದಯವಿಟ್ಟು ಅದರಲ್ಲೇ ಸೇರಿಸಿ ನಿಲ್ಲಿಸಿಕೊಡಬೇಕು. ಕೊನೆಯದಾಗಿ, ಘಟನೆಯ ನಂತರ ತಂಡದ ಅಭ್ಯಾಸವನ್ನು ತಾವು ಪಶ್ಚಿಮದ ಗೋಡೆಗೆ ವರ್ಗಾಯಿಸಿದ್ದರಿಂದ ಢಮ್ ನಿಂತುಹೋಗಿ ನಮ್ಮಿಬ್ಬರ ಬೆಳಗಿನ ನಿದ್ದೆಯೂ ಹೋಗಿದೆ. ಆ ಆಟಗಾರನಿಗೆ ಮುಂದೆ ಬೇರೆ ಗೋಡೆಗಳೊಳಗೆ ಇರಬೇಕಾದ ಸಂದರ್ಭ ಬರಬಹುದು. ಆದ್ದರಿಂದ ಖುದ್ದು ತಾವೇ ದಿನಾ ಐದೂಕಾಲಿಗೆ ಬಂದು ನಮ್ಮೆದುರಿನ ಗೋಡೆಗೆ ಚೆಂಡು ಒದ್ದು ಹೋಗಬೇಕೆಂದು ಪ್ರಾರ್ಥನೆ. ಎರಡು ಮೆಲ್ಲಗೆ, ಮೂರನೆಯದು ಜೋರಾಗಿ. ತಪ್ಪಿದರೆ ಮಗಳೇ ತಿದ್ದುತ್ತಾಳೆ.

ಆ ಹುಡುಗನಿಗೆ ಒಂದು ಮಾತು ತಲುಪಿಸಿ. ಅವನು ತಾನಾಗಿಯೇ ಹೋಗಿ ನಡೆದದ್ದನ್ನು ಹೇಳಿದರೆ, ಅಂಗಿಯ ನಂಬರು ಯಾವುದೇ ಇರಲಿ, ತೊಂಬತ್ತು ಬೆಳಗಿನ ಋಣವನ್ನು ನಾನು ಮರೆಯುವವಳಲ್ಲ. ಅದನ್ನೂ ಮ್ಯಾಜಿಸ್ಟ್ರೇಟರ ಮುಂದೆ ಹೇಳುತ್ತೇನೆ. ಹೇಳದಿದ್ದರೂ ಶುಕ್ರವಾರ ಹತ್ತಕ್ಕೆ ವೇದಿಕೆಯ ಮೇಲಿನ ‘ಗೌರವಾನ್ವಿತ ಮಾತೆ’ಯ ಕುರ್ಚಿ ಖಾಲಿಯಿರುತ್ತದೆ. ಬೇಕಿದ್ದರೆ ಅದರಲ್ಲಿ ತಮ್ಮ ಕಾವಲುಗಾರನನ್ನು ಕೂರಿಸಿ. ಅವನಿಗೆ ಕೂತಲ್ಲೇ ಮಲಗುವ ಅಭ್ಯಾಸವಿದೆ.

ಇಂತಿ, ಬಯಸಿದರೂ ಕಣ್ಣು ಮುಚ್ಚಲಾಗದ
ತಮ್ಮ ವಿಶ್ವಾಸಿ,
ಎರಡನೇ ಮಹಡಿಯ ಬಾಲ್ಕನಿಯವಳು

ತಾ.ಕ.: ಫೈನಲ್ ಪಂದ್ಯಕ್ಕೆಂದು ಮೈದಾನದ ಮೂಲೆಗಳಲ್ಲಿ ನೆಡುವ ಬಾವುಟದ ಕಂಬಗಳಿಗೆಲ್ಲ ಬಿಳಿ ಬಣ್ಣ ಬಳಿಸಿ ನಮ್ಮೆದುರಿನ ಗೋಡೆಗೆ ಒಣಗಲು ಒರಗಿಸಿದ್ದೀರಿ. ತುಂಬ ಅಂದವಾಗಿವೆ. ಮಗಳನ್ನು ತಟ್ಟುತ್ತ ಸುಮ್ಮನೆ ಎಣಿಸಿದೆ. ಮೈದಾನಕ್ಕೆ ಮೂಲೆ ನಾಲ್ಕು, ಕಂಬ ಐದು. ಐದನೆಯದು ಒಂದು ಗೇಣು ಗಿಡ್ಡ, ತುದಿಯಲ್ಲಿ ಕೊಂಚ ಬಾಗಿದೆ, ಬಾವುಟ ಕಟ್ಟಲು ತೂತೂ ಇಲ್ಲ. ನಿದ್ದೆಗೆಟ್ಟವಳ ಲೆಕ್ಕ ತಪ್ಪಿರಬಹುದೆಂದು ಪೊಲೀಸರನ್ನೂ ಎಣಿಸಿ ನೋಡಲು ಕರೆದಿದ್ದೇನೆ. ಈ ಪತ್ರ ತಮ್ಮ ಕೈ ಸೇರುವ ಹೊತ್ತಿಗೆ ಅವರು ಗೇಟಿನಲ್ಲಿ ಕಾವಲುಗಾರನನ್ನು ಎಬ್ಬಿಸುತ್ತಿರಬಹುದು. ಅಷ್ಟರೊಳಗೆ ದಯವಿಟ್ಟು ಅದಕ್ಕೂ ಒಂದು ಹೊಸ ನಂಬರು ಕೊಡಬೇಡಿ.