ಪತ್ತೇದಾರ ಸಿಕ್ಕಿಬಿದ್ದ ಕಥೆ

ಮನುಷ್ಯನ ಮುಖ ಬರೆಯುವುದು ಸುಲಭ. ಕಷ್ಟವೆಲ್ಲ ಇರುವುದು ಕೈಯಲ್ಲಿ. ನಾನು ಬರೆದ ಬೆರಳುಗಳು ಸಂತೆಯ ಬೆಂಡೆಕಾಯಿಯಂತೆ ಕಾಣುತ್ತವೆ. ಬ್ಯಾಂಕಿನ ಗುಮಾಸ್ತನಿಗೆ ಚಿತ್ರಕಲೆಯ ಗೊಡವೆ ಏಕೆಂದು ನೀವು ಕೇಳಬಹುದು. ಕಾರಣ ನನ್ನ ಮಗಳು ಗಿರಿಜಾ. ಎಂಬತ್ತರ ದಶಕದ ಕೊನೆಯಲ್ಲಿ ಬೀದರದಿಂದ ನಾಸಿಕಕ್ಕೆ ವರ್ಗವಾಗಿ ಬಂದಿದ್ದೆವು. ಹತ್ತು ವರ್ಷದ ಅವಳಿಗೆ ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲಿ. ಅಕ್ಷರ ಕಲಿಸಿದ್ದೆ, ಆದರೆ ಕನ್ನಡದ ನೀತಿಕಥೆ ಪುಸ್ತಕ ಹಿಡಿದ ಕೂಡಲೇ ಅವಳಿಗೆ ಹೊಟ್ಟೆನೋವು.

“ನೀತಿಕತಿ ಸಾಕ್ರಿ,” ಎಂದಳು ಹೆಂಡತಿ. “ಒಂದು ಖೂನಿ ಮಾಡಿ ನೋಡ್ರಿ.”

ಮಾಡಿದೆ. ಒಂದು ಭಾನುವಾರ ಬಸ್ಸು ಹಿಡಿದು ಔರಂಗಾಬಾದಿಗೆ, ಅಂದರೆ ಈಗಿನ ಸಂಭಾಜಿನಗರಕ್ಕೆ, ಹೋಗಿ ದೌಲತಾಬಾದ್ ಕೋಟೆಯ ಕತ್ತಲ ಸುರಂಗ ನೋಡಿಕೊಂಡು ಬಂದೆ. ನನ್ನ ಕಥೆಯಲ್ಲಿ ಯಾದವರ ಕಾಲಕ್ಕೆ ಅಲ್ಲಿ ಕೋಟೆಪಾಲಕನ ಕೊಲೆಯಾಗುತ್ತದೆ; ಪತ್ತೇದಾರ ವೀರಣ್ಣ ಕೊಲೆಗಾರನಾದ ವೈದ್ಯನನ್ನು ಹಿಡಿಯುತ್ತಾನೆ. ಮೂರು ತಿಂಗಳು ಕೂತು ಚಿತ್ರ ಬರೆದೆ, ಮಾತಿನ ಗುಳ್ಳೆಗಳಲ್ಲಿ ಕನ್ನಡ ತುಂಬಿದೆ. ಕೈಗಳ ತಾಪತ್ರಯ ಬೇಡವೆಂದು ವೀರಣ್ಣನಿಗೆ ಶಾಲು ಹೊದಿಸಿಬಿಟ್ಟೆ.

ಗಿರಿಜಾ ಒಂದಕ್ಷರವನ್ನೂ ಓದದೆ ಪುಟ ಮಗುಚಿದಳು. “ಪಪ್ಪಾ, ಖೂನ ಹ್ಯಾನೇಚ್ ಕೇಲಾ!” ಇವನೇ ಕೊಂದದ್ದು ಎಂದು ವೀರಣ್ಣನ ಮೇಲೆ ಬೆರಳಿಟ್ಟಳು.

“ಅಂವಾ ಪತ್ತೇದಾರ ಇದ್ದಾನ!”

ಹಾಗಾದರೆ ಕೈ ಯಾಕೆ ಮುಚ್ಚಿಕೊಂಡಿದ್ದಾನೆ ಎಂದು ಮರಾಠಿಯಲ್ಲೇ ದಬಾಯಿಸಿದಳು. ನನಗೂ ಸಿಟ್ಟು ಬಂತು. “ಓದಿ ನೋಡು, ಆಮ್ಯಾಲೆ ಮಾತಾಡು,” ಎಂದೆ.

ಹಟಕ್ಕೆ ಬಿದ್ದು ನಾಲ್ಕು ದಿನ ಅಕ್ಷರ ಅಕ್ಷರಕ್ಕೂ ಬೆರಳಿಟ್ಟು ಓದಿದಳು. ಐದನೆಯ ದಿನ ಊಟಕ್ಕೆ ಕೂತಾಗ ಪುಸ್ತಕ ತಂದು ಮುಂದಿಟ್ಟಳು. “ಆರನೇ ಪುಟದಾಗ, ಖೂನಿ ನಡೆದ ರಾತ್ರಿ ದೂರದ ಪೈಠಣದಾಗ ಇದ್ದೆ ಅಂತಾನ ವೀರಣ್ಣ. ಒಂಬತ್ತನೇದಾಗ ಅದೇ ರಾತ್ರಿ ಸುರಂಗದ ದೀಪ ಆರಿದ್ದು ಕಣ್ಣಾರೆ ನೋಡೀನಿ ಅಂತಾನ. ಎರಡೂ ಹ್ಯಾಂಗ ಖರೆ, ಪಪ್ಪಾ?”

ಇಷ್ಟುದ್ದದ ಕನ್ನಡ ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ತಪ್ಪು ನನ್ನದೇ, ಒಂಬತ್ತನೆಯ ಪುಟ ಬರೆಯುವಾಗ ಆರನೆಯದನ್ನು ಮರೆತಿದ್ದೆ. ಹೇಳಿಬಿಡೋಣವೆಂದು ಬಾಯಿ ತೆರೆದೆ. ಹೆಂಡತಿ ಕಣ್ಣಲ್ಲೇ ತಡೆದಳು. ಹುಡುಗಿಯ ಮುಖ ಅಷ್ಟು ಬೆಳಗುತ್ತಿತ್ತು.

ಕೊನೆಯ ಪುಟ ಹರಿದು, ಹೊಸದೊಂದು ಬರೆದು ವೀರಣ್ಣನನ್ನು ಸೆರೆಮನೆಗೆ ಕಳಿಸಿದೆ. ಗುಳ್ಳೆಯೊಳಗಿನ ತಪ್ಪೊಪ್ಪಿಗೆಯನ್ನು ಗಿರಿಜಾಳೇ ಅಂಕುಡೊಂಕು ಅಕ್ಷರದಲ್ಲಿ ಬರೆದಳು: “ಹೌದು, ನಾನು ಸುಳ್ಳು ಹೇಳಿದೆ.”

ಪಾಪ, ಅವನು ಹೇಳಿರಲಿಲ್ಲ. ಹೇಳಿಸಿದವನು ಮಾತ್ರ ಮರುದಿನದಿಂದ ಬ್ಯಾಂಕಿನಲ್ಲಿ, ಮಗಳಿಗೆ ಕನ್ನಡ ಕಲಿಸಿದ ತಂದೆಯೆಂದು ಎಲ್ಲರಿಂದ ಹೊಗಳಿಸಿಕೊಳ್ಳುತ್ತಾ ರಾಜಾರೋಷವಾಗಿ ತಿರುಗಾಡಿದ.