ನುಗ್ಗೇಕಾಯಿಯ ತುದಿ ಮತ್ತು ನಮ್ಮ ಮಾಮ

ನಮ್ಮ ಮಾಮ ನನಗೆ ಮಾಮನೇ ಅಲ್ಲ! ಹೀಗೆಂದು ಹೊಟ್ಟೆಕಿಚ್ಚಿನ ನೆಂಟರು ಯಾರೋ ಹೇಳಿದ್ದಲ್ಲ. ಸ್ವತಃ ಮಾಮನೇ ಹೇಳಿದ್ದು. ಅದೂ ನನ್ನ ಮದುವೆಯ ದಿನ, ವಾದ್ಯದವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ ಆ ಒಂದೇ ಒಂದು ನಿಮಿಷದಲ್ಲಿ, ಇಡೀ ಹಾಲಿಗೆ ಕೇಳುವಂತೆ!

ವಧುವನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಪುರೋಹಿತರು "ಸೋದರಮಾವ ಎಲ್ಲಿ, ಬರಬೇಕು" ಎಂದರು. ಎಲ್ಲರೂ ಮಾಮನ ಕಡೆ ತಿರುಗಿದರು. ಮಾಮ ಕನ್ನಡಕ ಸರಿಮಾಡಿಕೊಂಡು, "ಸ್ವಾಮಿ, ವೈಜ್ಞಾನಿಕವಾಗಿ ನಾನು ಈ ಹುಡುಗಿಗೆ ಏನೂ ಆಗಬೇಕಾಗಿಲ್ಲ" ಎಂದರು. ಪುರೋಹಿತರು ನಲವತ್ತು ವರ್ಷದ ವೃತ್ತಿಯಲ್ಲಿ ಇಂಥ ಉತ್ತರ ಕೇಳಿರಲಿಕ್ಕಿಲ್ಲ. ಕೊನೆಗೆ ಬೆಂಗಳೂರಿನಿಂದ ಬಂದಿದ್ದ, ನಾನು ಅದುವರೆಗೂ ಮುಖ ನೋಡಿರದ ಅಮ್ಮನ ದೂರದ ಕಸಿನ್ ಒಬ್ಬರು ನನ್ನ ಕೈ ಹಿಡಿದು ನಡೆಸಿದರು. ಅವರ ಕೈ ಬೆವರುತ್ತಿತ್ತು, ನನ್ನ ಕಣ್ಣು ಕೂಡ.

ವಿಷಯ ಇಷ್ಟೇ. ಆಂಟಾಪ್ ಹಿಲ್‌ನ ಕ್ವಾರ್ಟರ್ಸ್‌ನಲ್ಲಿ ನಮ್ಮ ತಾತನ ಮನೆ ಮತ್ತು ಮಾಮನ ತಂದೆಯ ಮನೆ ಎದುರುಬದುರು. ಅಮ್ಮನಿಗೆ ಅಣ್ಣತಮ್ಮಂದಿರಿಲ್ಲ, ಮಾಮನಿಗೆ ಅಕ್ಕತಂಗಿಯರಿಲ್ಲ. ಬಿಲ್ಡಿಂಗಿನ ಮರಾಠಿ ಹುಡುಗಿಯರನ್ನು ನೋಡಿ ಅಮ್ಮನೂ ಒಂದು ದಿನ ಎದುರುಮನೆಯ ಆರು ವರ್ಷದ ಹುಡುಗನಿಗೆ ರಾಖಿ ಕಟ್ಟಿದಳು. ಅಂದಿನಿಂದ ಇವರು ಅಕ್ಕ ತಮ್ಮ. ಹುಡುಗ ಬೆಳೆದು ಕಾಲೇಜಿನಲ್ಲಿ ಜೀವಶಾಸ್ತ್ರದ ಲೆಕ್ಚರರ್ ಆದ. ಮದುವೆ ಮಾತ್ರ ಆಗಲಿಲ್ಲ. ಯಾವ ಹೆಣ್ಣು ತಾನೇ ಮೂರು ಹೊತ್ತೂ ಕ್ರೋಮೋಸೋಮಿನ ಕಥೆ ಕೇಳುತ್ತಾಳೆ?

ನಾನು ಕೇಳಿದೆನಲ್ಲ! "ನೋಡು ಪುಟ್ಟಿ, ನಿನ್ನ ಹತ್ರ ಎರಡು ಎಕ್ಸ್ ಇದೆ. ಒಂದು ನಿಮ್ಮಪ್ಪಂದು, ಒಂದು ಅಕ್ಕಂದು. ಒಡಹುಟ್ಟಿದ ಸೋದರಮಾವ ಆಗಿದ್ರೆ ಅಕ್ಕನ ಎಕ್ಸ್‌ನಲ್ಲಿ ಅವನಿಗೂ ಒಂದಷ್ಟು ಪಾಲಿರ್ತಿತ್ತು. ನಂದೆಲ್ಲಿದೆ ಹೇಳು? ಬಿಲ್ಕುಲ್ ಇಲ್ಲ!" ಹೀಗೆ ನೆಂಟಸ್ತನವನ್ನು ಬುಡಸಮೇತ ಕಿತ್ತುಹಾಕಿ, ಮರುಕ್ಷಣ ನನ್ನ ಸ್ಕೂಲ್ ಬ್ಯಾಗನ್ನು ತಾವೇ ಹೊತ್ತು ಬಸ್‌ಸ್ಟಾಪಿಗೆ ಹೊರಡುತ್ತಿದ್ದರು. ಅಮ್ಮ ಕಟ್ಟಿದ ರಾಖಿ ಮಾತ್ರ ಬಣ್ಣಗೆಟ್ಟು ದೀಪಾವಳಿಯವರೆಗೂ ಅವರ ಕೈಯಲ್ಲೇ ಇರುತ್ತಿತ್ತು. ಕೇಳಿದರೆ, "ದಾರಕ್ಕೆ ಡಿಎನ್‌ಎ ಬೇಕಾಗಲ್ಲ" ಎಂಬ ಉತ್ತರ.

ಒಮ್ಮೆ ದಾದರ್ ಸ್ಟೇಷನ್ನಿನ ಬ್ರಿಜ್ ಮೇಲೆ, ಸಂಜೆಯ ರಶ್‌ನಲ್ಲಿ, ಮಾಮ ಗಕ್ಕನೆ ನಿಂತುಬಿಟ್ಟರು. "ನೋಡು! ಈ ಕಡೆ ವೆಸ್ಟರ್ನ್ ಲೈನು, ಆ ಕಡೆ ಸೆಂಟ್ರಲ್ ಲೈನು. ಎಕ್ಸ್ ಮತ್ತು ವೈ ಕೂಡ ಹೀಗೇ, ಅವರವರ ದಾರಿ ಅವರಿಗೆ. ಆದ್ರೆ ಇಂಥ ಒಂದು ಜಾಗದಲ್ಲಿ ಮಾತ್ರ..." ಹಿಂದಿನಿಂದ ಯಾರೋ "ಅರೆ ಚಾಚಾ, ಆಗೇ ಬಢೋ!" ಎಂದು ಕೂಗಿದರು. ನಾವಾಗಿ ಮುಂದೆ ಹೋಗುವ ಅಗತ್ಯವೇ ಬೀಳಲಿಲ್ಲ. ಜನರೇ ನಮ್ಮಿಬ್ಬರನ್ನೂ ಎತ್ತಿಕೊಂಡು ಹೋಗಿ ಬೇಡದ ಪ್ಲಾಟ್‌ಫಾರ್ಮಿನಲ್ಲಿ ಇಳಿಸಿದರು.

ಆ ಪಾಠ ಪೂರ್ತಿಯಾದದ್ದು ಮಲಾಡಿನ ನಮ್ಮ ಮನೆಯಲ್ಲಿ. ಪಕ್ಕದ ಫ್ಲ್ಯಾಟಿನಲ್ಲಿ ಗಂಡುಮಗು ಹುಟ್ಟಿ, ವಂಶ ಬೆಳಗಿತೆಂದು ಪೇಡೆ ಹಂಚಿದ್ದರು. ಮಾಮ ನಾಲ್ಕು ಪೇಡೆ ತಿಂದು, "ಇಷ್ಟೆಲ್ಲ ಸಡಗರ ಒಂದು ಮೋಟು ವೈಗೆ!" ಎಂದು ನಕ್ಕರು. ಅಮ್ಮ ಹುಳಿಗೆಂದು ಇಟ್ಟಿದ್ದ ಎರಡು ಉದ್ದನೆಯ ನುಗ್ಗೇಕಾಯಿ ಎತ್ತಿಕೊಂಡರು. "ಬಹಳ ಬಹಳ ಹಿಂದೆ ಇವೆರಡೂ ಒಂದೇ ಥರದ ಜೋಡಿ. ಆಮೇಲೆ ಇದೊಂದು ಕಳ್ಕೊಳ್ತಾ ಬಂತು." ಲಟಕ್! ಲಟಕ್! ನಡುವಿನ ತುಂಡುಗಳೆಲ್ಲ ಮುರಿದು ಬಿದ್ದವು. "ಆದ್ರೆ ತುದಿ ಮಾತ್ರ ಇವತ್ತಿಗೂ ಎರಡರಲ್ಲೂ ಒಂದೇ. ವೀರ್ಯಾಣು ತಯಾರಾಗೋವಾಗ ಇವು ಆ ತುದಿ ಹಿಡ್ಕೊಂಡು ಚೂರುಪಾರು ಅದಲುಬದಲು ಮಾಡ್ಕೋಬೇಕು. ಇಲ್ದಿದ್ರೆ..."

"ಊಟದ ಹೊತ್ತಲ್ಲಿ ಎಂಥ ಮಾತೋ ನಿಂದು! ಕೊಡು ಇಲ್ಲಿ ನುಗ್ಗೇಕಾಯಿ," ಎಂದು ಅಮ್ಮ ಎಕ್ಸನ್ನೂ ವೈಯನ್ನೂ ಒಟ್ಟಿಗೆ ಕುದಿಯುವ ನೀರಿಗೆ ಹಾಕಿದಳು.

ಈ ವರ್ಷ ನನ್ನ ಮಗಳಿಗೆ ಕಿವಿ ಚುಚ್ಚಿಸುವುದಿತ್ತು. ಮಗುವನ್ನು ಸೋದರಮಾವ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ನನಗೂ ಅಣ್ಣತಮ್ಮಂದಿರಿಲ್ಲ. ಮಾಮನೇ ಕೂರಲಿ ಎಂದು ನನ್ನ ಹಟ. ಆದರೆ ಮದುವೆಯ ದಿನದಂತೆ ಈಗಲೂ ಭಾಷಣ ಮಾಡಿ ತಪ್ಪಿಸಿಕೊಂಡರೆ? ಅಮ್ಮನ ಮುಂದೆ ರೇಗಾಡಿದೆ. ಅಮ್ಮ ಹೇಳಿದಳು:

"ನಿನಗೆ ಕಿವಿ ಚುಚ್ಚೋ ದಿನ ಅವನು ಹೊಸ ಪಂಚೆ ಉಟ್ಕೊಂಡು, ನಿನ್ನ ಎತ್ಕೊಂಡು ಮಣೆ ಮೇಲೆ ಕೂತಿದ್ದ ಕಣೆ. ನಿಮ್ಮಪ್ಪನ ಕಡೆ ಹಿರಿಯರೊಬ್ರು, 'ಎದುರುಮನೆಯೋನೆಲ್ಲ ಸೋದರಮಾವ ಆಗ್ತಾನಾ? ಏಳಪ್ಪ' ಅಂದ್ರು. ನಗ್ತಾನೇ ಎದ್ದ. ನಾನೂ ಬಾಯಿ ಬಿಡ್ಲಿಲ್ಲ. ಅಲ್ಲಿಂದ ಶುರುವಾಗಿದ್ದು ಅವನ ಈ ಎಕ್ಸು, ವೈ ಎಲ್ಲ."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಇನ್ನೊಬ್ಬರು ಎಬ್ಬಿಸುವ ಮೊದಲೇ ತಾವೇ ಎದ್ದುಬಿಡುವ ಉಪಾಯವನ್ನು ಈ ಮನುಷ್ಯ ಮೂವತ್ತು ವರ್ಷ ವಿಜ್ಞಾನವೆಂದು ನಮಗೆ ಕಲಿಸಿದ್ದರು!

ಆ ದಿನ ಬಂತು. ಅಕ್ಕಸಾಲಿಗ ಚಿನ್ನದ ತಂತಿ ಹಿಡಿದು, "ಮಾಮಾ ಕುಠೇ ಆಹೇತ?" ಎಂದು ಮರಾಠಿಯಲ್ಲಿ ಮಾಮ ಎಲ್ಲೆಂದು ಕೇಳಿದ. ಬಾಗಿಲ ಬಳಿ, ಬೇಕೆಂದರೆ ಓಡಿಹೋಗಲು ಅನುಕೂಲವಾಗುವಂತೆ ನಿಂತಿದ್ದ ಮಾಮ ಗಂಟಲು ಸರಿಮಾಡಿಕೊಂಡರು. "ಅದೇನಂದ್ರೆ, ವೈಜ್ಞಾನಿಕವಾಗಿ..."

"ಮಾಮ," ಎಂದೆ. "ತುದಿ ಹಿಡ್ಕೊಳ್ದಿದ್ರೆ ಏನಾಗುತ್ತೆ ಅಂತ ಆವತ್ತು ಹೇಳಲೇ ಇಲ್ಲ ನೀವು."

ಪಾಠದ ಪ್ರಶ್ನೆ ಕೇಳಿದರೆ ಉತ್ತರ ಕೊಡದಿರುವುದು ಅವರ ಜಾಯಮಾನದಲ್ಲೇ ಇಲ್ಲ. "ಕೋಶ ಮುಂದಕ್ಕೆ ವಿಭಜನೆ ಆಗಲ್ಲ. ಅಲ್ಲಿಗೇ ನಿಂತುಹೋಗುತ್ತೆ."

"ಮಿಕ್ಕಿದ್ದೆಲ್ಲ ಬೇರೆ ಬೇರೆ ಆದ್ರೂ, ಆ ಚೂರು ಸಾಕಾ?"

"ಸಾಕು," ಎಂದರು ಮಾಮ. ಮಾಮನಿಂದ ಒಂದೇ ಪದದ ಉತ್ತರ. ನನ್ನ ಜೀವಮಾನದಲ್ಲೇ ಮೊದಲ ಸಲ!

ಅಮ್ಮ ಮಣೆ ತಂದು ಹಾಕಿದಳು. "ಕೂತ್ಕೋ. ಅವತ್ತು ನಾನು ಹೇಳಬೇಕಿತ್ತು, ಈಗ ಹೇಳ್ತಿದೀನಿ." ಮಾಮ ಕೂತರು. ತಂತಿ ಚುಚ್ಚಿದಾಗ ಮಗು ಒಂದು ಸಲ ಕಿರುಚಿ ಸುಮ್ಮನಾಯಿತು, ಮಾಮನ ಅಳು ಮಾತ್ರ ನಿಲ್ಲಲಿಲ್ಲ.

ಅಕ್ಕಸಾಲಿಗ ಹೋದ. ಆರತಿ ಮುಗಿಯಿತು. ಎಲೆ ಹಾಕಿಯಾಯಿತು. ಮಾಮ ಮಾತ್ರ ಮಣೆ ಬಿಟ್ಟು ಏಳಲೇ ಇಲ್ಲ.

"ಊಟಕ್ಕೆ ಏಳೋ," ಎಂದಳು ಅಮ್ಮ.

"ಸ್ವಲ್ಪ ತಡಿ ಅಕ್ಕ. ಮಗು ಮಲಗಿದೆ."

ಮಗು ಅವರ ತೊಡೆಯ ಮೇಲೆ ಕಣ್ಣರಳಿಸಿ ಕೂತು, ಅವರ ಕನ್ನಡಕ ಕಿತ್ತು ನೆಕ್ಕುತ್ತಿತ್ತು. ನಾವು ಯಾರೂ ಅವರನ್ನು ಎಬ್ಬಿಸಲಿಲ್ಲ.